ಹಿಮದೂರಿನ ಋತುಚರ್ಯೆ

ಕೆಲವು ವರ್ಷಗಳ ಹಿಂದೆ ಶ್ರೀಮಠದ ಭಕ್ತರಾದ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಹುಡುಗನಿಗೆ ರಷ್ಯಾ ದೇಶದ ಉತ್ತರ ಭಾಗದಲ್ಲಿರುವ ಅರ್ಖಾಂಗೆಲ್ಸ್ಕ್ ನಗರದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಅವಕಾಶ ದೊರೆತಿತ್ತು. ಅಲ್ಲಿ ವಿಪರೀತ ಚಳಿಯಂತೆ, ಮೈಯನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬುದನ್ನು ಒಂದು ಕಾಗದದಲ್ಲಿ ಬರೆದುಕೊಡಬೇಕೆಂದು ಆ ತಾಯಿ ಕೇಳಿಕೊಂಡರು. ನಾವು ಹೆಚ್ಚು ಯೋಚಿಸಲಿಲ್ಲ. ಹೇಮಂತ ಋತುಚರ್ಯೆಯನ್ನು ಕಂಠಪಾಠವಾಗಿದ್ದಂತೆಯೇ ಬರೆದುಕೊಟ್ಟೆವು. ಬೆಳಿಗ್ಗೆ ಎದ್ದು ನೆತ್ತಿಯಿಂದ ಪಾದದವರೆಗೆ ಎಳ್ಳೆಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ, ಬಳಿಕ ಸ್ವಲ್ಪ ಹೊತ್ತು ಎಳೆಬಿಸಿಲಿನಲ್ಲಿ ನಿಲ್ಲುವುದು, ಆಮೇಲೆ ಜಿಡ್ಡಿನಿಂದ ಕೂಡಿದ ಪುಷ್ಟಿಕರವಾದ ಆಹಾರ.

ಹುಡುಗ ವಿಧೇಯ. ಜನವರಿಯ ಒಂದು ಬೆಳಿಗ್ಗೆ ನಾವು ಬರೆದಂತೆಯೇ ತಲೆಗೆ ಎಣ್ಣೆಯಿಟ್ಟು ಮಿಂದು, ತೇವ ಆರದ ಕೂದಲಿನಲ್ಲಿಯೇ ಟೊಪ್ಪಿಗೆಯಿಲ್ಲದೆ ಹೊರಗೆ ಹೊರಟನಂತೆ. ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಶೀತ. ಎಳೆಬಿಸಿಲು ಎಲ್ಲಿಂದ ಬರಬೇಕು? ಆ ತಿಂಗಳಲ್ಲಿ ಅಲ್ಲಿ ಸೂರ್ಯ ಮೂಡುವುದೇ ಹತ್ತು ಗಂಟೆಯ ಸುಮಾರಿಗೆ. ಸ್ವಲ್ಪ ಹೊತ್ತಿನಲ್ಲಿಯೇ ಕೂದಲು ತಂತಿಯಂತೆ ಸೆಟೆದುಕೊಂಡಿತು. ಎಡಗಿವಿಯ ಅಂಚು ಮೇಣದಂತೆ ಬಿಳಿಚಿಕೊಂಡು ಸ್ಪರ್ಶಜ್ಞಾನವನ್ನೇ ಕಳೆದುಕೊಂಡಿತು. ಜೊತೆಯಲ್ಲಿದ್ದವನೊಬ್ಬ ಅದಕ್ಕೆ ಹಿಮವನ್ನು ಉಜ್ಜಲು ಹೊರಟಾಗ ವಸತಿಗೃಹದ ವೃದ್ಧೆಯೊಬ್ಬರು ತಡೆದು ಒಳಗೆ ಕರೆದೊಯ್ದರಂತೆ. ಸಂಜೆಯ ಹೊತ್ತಿಗೆ ಕಿವಿಯಲ್ಲಿ ಬೊಕ್ಕೆಗಳೆದ್ದಿದ್ದವು. ಹುಡುಗ ನಮಗೆ ಬರೆದ ಪತ್ರದಲ್ಲಿ ದೂರು ಇರಲಿಲ್ಲ. "ತಾವು ಹೇಳಿದ ಬಿಸಿಲು ಇಲ್ಲಿ ಯಾವ ತಿಂಗಳಿನಲ್ಲಿ ಬರುತ್ತದೆ?" ಎಂದು ಮಾತ್ರ ಕೇಳಿದ್ದ. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಶಾಸ್ತ್ರ ತಪ್ಪಾಗಿರಲಿಲ್ಲ, ಶಾಸ್ತ್ರದ ಒಂದು ಅಧ್ಯಾಯವನ್ನು ಅದು ಹುಟ್ಟಿದ ನೆಲದಿಂದ ಕಿತ್ತು ಬೇರೊಂದು ನೆಲಕ್ಕೆ ಕಳುಹಿಸಿದ ನಾವು ತಪ್ಪಿದ್ದೆವು. ಅಂದಿನಿಂದ ಉತ್ತರ ದೇಶಗಳ ಹವೆಯನ್ನು ಕುರಿತು ದೊರೆತುದನ್ನೆಲ್ಲ ಓದತೊಡಗಿದೆವು. ಅರ್ಖಾಂಗೆಲ್ಸ್ಕ್ ನಗರಕ್ಕೆ ಶ್ವೇತಸಮುದ್ರದ ನೆರೆ ಇರುವುದರಿಂದ ಅಲ್ಲಿಯ ಚಳಿ ಸಾಧು ಸ್ವಭಾವದ್ದೆಂದೇ ಹೇಳಬೇಕು. ಓದುತ್ತ ಓದುತ್ತ ಪೂರ್ವಕ್ಕೆ ಸೈಬೀರಿಯದ ಒಳನಾಡಿಗೆ ಸರಿದಂತೆ ನಮ್ಮ ದೃಷ್ಟಿ ಒಂದು ಪುಟ್ಟ ಊರಿನ ಮೇಲೆ ನಿಂತಿತು. ಅದರ ಹೆಸರು ವೆರ್ಖೋಯಾನ್ಸ್ಕ್. ಋತು ಎಂಬುದರ ಅರ್ಥವನ್ನು ಅಷ್ಟು ಕಠೋರವಾಗಿ ಕಲಿಸುವ ಮತ್ತೊಂದು ಊರು ನಮಗೆ ತಿಳಿದಿಲ್ಲ.

ಈ ಊರು ರಷ್ಯಾದ ಸಖಾ ಗಣರಾಜ್ಯದಲ್ಲಿ, ಯಾನಾ ನದಿಯ ದಡದಲ್ಲಿದೆ. ಉತ್ತರ ಧ್ರುವವೃತ್ತವನ್ನು ತುಸುವೇ ದಾಟಿ 67 ಡಿಗ್ರಿ ಅಕ್ಷಾಂಶದ ಮೇಲೆ ನಿಂತಿದ್ದರೂ ಇದರ ಹವೆ ಉಪಧ್ರುವೀಯ ವರ್ಗಕ್ಕೆ ಸೇರುತ್ತದೆ. ಏಕೆಂದರೆ ಇಲ್ಲಿ ಮರ ಬೆಳೆಯುವಷ್ಟು ಬೇಸಿಗೆ ಉಂಟು. 1638ರಲ್ಲಿ ಕೊಸ್ಸಾಕರು ಕಟ್ಟಿದ ಚಳಿಗಾಲದ ಕೋಟೆಯೊಂದು 1817ರಲ್ಲಿ ಪಟ್ಟಣವೆನಿಸಿಕೊಂಡಿತು. ಜನಸಂಖ್ಯೆ ಇಂದಿಗೂ ಸಾವಿರದ ಆಸುಪಾಸಿನಲ್ಲಿದೆ. ನಮ್ಮಲ್ಲಾದರೆ ಹಳ್ಳಿಯೆಂದೇ ಕರೆಯುತ್ತಿದ್ದೆವು. ರಾಜದ್ರೋಹದ ಆರೋಪ ಹೊತ್ತವರನ್ನು ಝಾರ್ ಚಕ್ರವರ್ತಿಗಳು ಇಲ್ಲಿಗೆ ಗಡೀಪಾರು ಮಾಡುತ್ತಿದ್ದರು. ಇವಾನ್ ಖುದ್ಯಾಕೋವ್ ಎಂಬ ಜಾನಪದ ವಿದ್ವಾಂಸರೊಬ್ಬರು ಹಾಗೆ ಬಂದವರು. 1860ರ ದಶಕದ ಕೊನೆಯಲ್ಲಿ ಇಲ್ಲಿಯ ಉಷ್ಣತೆಯನ್ನು ಅಳೆದು ಬರೆದಿಡಲು ತೊಡಗಿದವರೂ ಅವರೇ. ಶಿಕ್ಷೆಗೆಂದು ಬಂದವರು ಆ ಶಿಕ್ಷೆಯ ಪ್ರಮಾಣವನ್ನೇ ಅಂಕಿಗಳಲ್ಲಿ ದಾಖಲಿಸಿದಂತಾಯಿತು.

ಆ ಅಂಕಿಗಳನ್ನು ನೋಡಬೇಕು. ಜನವರಿಯ ಸರಾಸರಿ ಉಷ್ಣತೆ ಸುಮಾರು ಮೈನಸ್ 45 ಡಿಗ್ರಿ ಸೆಲ್ಸಿಯಸ್. ಜುಲೈಯ ಸರಾಸರಿ ಸೊನ್ನೆಯ ಮೇಲೆ 16 ಡಿಗ್ರಿ. ಎರಡರ ನಡುವಿನ ಅಂತರ ಅರವತ್ತು ಡಿಗ್ರಿಗಿಂತ ಹೆಚ್ಚು. ನಮ್ಮ ಧಾರವಾಡದಲ್ಲಿ ಅತಿ ತಂಪಾದ ತಿಂಗಳಿಗೂ ಅತಿ ಬಿಸಿಯಾದ ತಿಂಗಳಿಗೂ ಸರಾಸರಿಯಲ್ಲಿ ಇರುವ ವ್ಯತ್ಯಾಸ ಏಳೆಂಟು ಡಿಗ್ರಿಗಳ ಆಸುಪಾಸು. ಅಷ್ಟಕ್ಕೇ ನಮ್ಮ ಹಿರಿಯರು ಆರು ಋತುಗಳ ಪ್ರತ್ಯೇಕ ಪಥ್ಯವನ್ನು ವಿಧಿಸಿದರು. 1892ರ ಫೆಬ್ರುವರಿಯಲ್ಲಿ ವೆರ್ಖೋಯಾನ್ಸ್ಕ್‌ನಲ್ಲಿ ಮೈನಸ್ 67.8 ಡಿಗ್ರಿ ದಾಖಲಾಯಿತು. ಬಹುಕಾಲ ಇದನ್ನೂ, ಇದೇ ಗಣರಾಜ್ಯದ ಒಯ್‌ಮ್ಯಾಕೋನ್ ಎಂಬ ಊರನ್ನೂ ಉತ್ತರಾರ್ಧಗೋಲದ ಶೀತಧ್ರುವಗಳೆಂದು ಕರೆಯುತ್ತ ಬಂದಿದ್ದಾರೆ. ಆ ಗೌರವಕ್ಕಾಗಿ ಎರಡೂ ಊರುಗಳವರು ಇಂದಿಗೂ ಸ್ಪರ್ಧಿಸುತ್ತಾರೆಂಬುದು ನಮಗೆ ಸೋಜಿಗವೆನಿಸುತ್ತದೆ.

ಇಷ್ಟು ಚಳಿ ಅಲ್ಲಿಗೇ ಏಕೆ? ಧ್ರುವಕ್ಕೆ ಇನ್ನೂ ಸಮೀಪವಾದ ನಾರ್ವೆಯ ಕರಾವಳಿಯ ಊರುಗಳಲ್ಲಿ ಇದರ ಕಾಲುಭಾಗದ ಚಳಿಯೂ ಇಲ್ಲ. ಕಾರಣ, ವೆರ್ಖೋಯಾನ್ಸ್ಕ್‌ಗೆ ಸಮುದ್ರದ ಬೆಚ್ಚನೆಯ ಉಸಿರು ತಾಗುವುದಿಲ್ಲ. ಊರು ಬೆಟ್ಟಸಾಲುಗಳ ನಡುವಿನ ತಗ್ಗಿನಲ್ಲಿದೆ. ಚಳಿಗಾಲದಲ್ಲಿ ಸೈಬೀರಿಯದ ಮೇಲೆ ಭಾರವಾದ ಗಾಳಿಯ ರಾಶಿಯೊಂದು ಅಲುಗಾಡದೆ ಕುಳಿತುಬಿಡುತ್ತದೆ. ಮೋಡವಿಲ್ಲದ ಆಕಾಶಕ್ಕೆ ನೆಲದ ಶಾಖವೆಲ್ಲ ಸೋರಿಹೋಗುತ್ತದೆ. ಅದನ್ನು ತುಂಬಿಕೊಡಲು ಸೂರ್ಯನಿಲ್ಲ. ತಣ್ಣನೆಯ ಗಾಳಿ ತೂಕವುಳ್ಳದ್ದಾದುದರಿಂದ ಬೆಟ್ಟಗಳ ಇಳಿಜಾರಿನಿಂದ ನೀರಿನಂತೆ ಹರಿದು ಬಂದು ಕಣಿವೆಯಲ್ಲಿ ನಿಲ್ಲುತ್ತದೆ. ಮಲೆನಾಡಿನಲ್ಲಿ ಮಾಗಿಯ ಬೆಳಗಿನ ಜಾವ ತಗ್ಗಿನ ಗದ್ದೆಗಳಲ್ಲಿ ಮಂಜು ಕಟ್ಟಿರುವಾಗ ಗುಡ್ಡದ ಮೇಲಿನ ಮನೆ ಬೆಚ್ಚಗಿರುವುದನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಲ್ಲಿಯೂ ಬೆಟ್ಟದ ಮೇಲಿಗಿಂತ ಕಣಿವೆಯಲ್ಲಿಯೇ ಚಳಿ ಹೆಚ್ಚು. ಗಾಳಿ ಬೀಸುವುದಿಲ್ಲವೆಂಬುದೊಂದೇ ಆ ಜನರಿಗೆ ಪ್ರಕೃತಿ ತೋರಿದ ದಯೆ. ಚಳಿಗೆ ಗಾಳಿಯೂ ಸೇರಿದ್ದರೆ ಹೊರಗೆ ತಲೆಹಾಕುವುದೇ ಸಾಧ್ಯವಾಗುತ್ತಿರಲಿಲ್ಲ.

ವರ್ಷವು ಅಲ್ಲಿ ನಮ್ಮಲ್ಲಿಯಂತೆ ಮೆಲ್ಲನೆ ಹೊರಳುವುದಿಲ್ಲ. ಸೆಪ್ಟೆಂಬರಿನಲ್ಲಿ ಸರಾಸರಿ ಉಷ್ಣತೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿರುತ್ತದೆ. ಲಾರ್ಚ್ ಮರಗಳು ಹೊಂಬಣ್ಣಕ್ಕೆ ತಿರುಗಿ ಸೂಜಿಯೆಲೆಗಳನ್ನು ಉದುರಿಸುತ್ತವೆ. ಅಕ್ಟೋಬರಿಗೆ ಮೈನಸ್ 14, ನವೆಂಬರಿಗೆ ಮೈನಸ್ 35. ಒಂದೇ ತಿಂಗಳಲ್ಲಿ ಇಪ್ಪತ್ತು ಡಿಗ್ರಿಯ ಕುಸಿತ! ಅಷ್ಟಾಂಗಹೃದಯವು ಋತುಸಂಧಿಯನ್ನು ಕುರಿತು ಹೇಳುವಾಗ, ಮುಗಿಯುವ ಋತುವಿನ ಕೊನೆಯ ಏಳು ದಿನ ಮತ್ತು ತೊಡಗುವ ಋತುವಿನ ಮೊದಲ ಏಳು ದಿನಗಳಲ್ಲಿ ಹಳೆಯ ಆಹಾರ ವಿಹಾರಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಹೊಸದನ್ನು ಹಿಡಿಯಬೇಕೆಂದು ವಿಧಿಸುತ್ತದೆ. ಶರೀರಕ್ಕೆ ಹಾನಿ ಮಾಡುವುದು ಚಳಿಗಿಂತ ಹೆಚ್ಚಾಗಿ ಹಠಾತ್ತಾದ ಬದಲಾವಣೆ ಎಂಬ ಸೂಕ್ಷ್ಮ ಅದರಲ್ಲಿದೆ. ವೆರ್ಖೋಯಾನ್ಸ್ಕ್‌ನಲ್ಲಿ ಪ್ರಕೃತಿ ಆ ಹದಿನಾಲ್ಕು ದಿನಗಳ ರಿಯಾಯಿತಿಯನ್ನು ಕೊಡುವುದಿಲ್ಲ. ಆದುದರಿಂದ ಜನರೇ ಅದನ್ನು ಸಂಪಾದಿಸಿಕೊಳ್ಳಬೇಕು. ಬೇಸಿಗೆಯಲ್ಲಿಯೇ ಚಳಿಗಾಲದ ಹುಲ್ಲು, ಸೌದೆ, ಹಣ್ಣುಗಳ ಸಂಗ್ರಹ ನಡೆಯುತ್ತದೆ. ನದಿ ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯನ್ನು ಇಟ್ಟಿಗೆಗಳಂತೆ ಕೊಯ್ದು ಮನೆಯಂಗಳದಲ್ಲಿ ಪೇರಿಸಿಡುತ್ತಾರೆ. ಅದನ್ನು ಕರಗಿಸಿದರೆ ಕುಡಿಯುವ ನೀರು.

ಡಿಸೆಂಬರಿನ ಉತ್ತರಾರ್ಧದಲ್ಲಿ ಕೆಲವು ದಿನ ಸೂರ್ಯ ದಿಗಂತದ ಮೇಲೆ ಬರುವುದೇ ಇಲ್ಲ. ನಡುಹಗಲಿನಲ್ಲಿ ಮುಸ್ಸಂಜೆಯಂಥ ಮಬ್ಬುಬೆಳಕು ಮೂಡಿ ಆರುತ್ತದೆ. ಉಸಿರಿನ ತೇವ ಬಾಯಿಂದ ಹೊರಬಂದೊಡನೆ ಹರಳುಗಟ್ಟಿ ಸಣ್ಣಗೆ ಸರಸರ ಸದ್ದು ಮಾಡುತ್ತದೆ. ಸಖಾ ಜನರು ಇದನ್ನು ನಕ್ಷತ್ರಗಳ ಪಿಸುಮಾತು ಎಂದು ಕರೆಯುತ್ತಾರೆ. ಕಾವ್ಯಮಯವಾದ ಹೆಸರು, ಆದರೆ ವೈದ್ಯನ ಕಿವಿಗೆ ಅದು ಬೇರೊಂದನ್ನು ಹೇಳುತ್ತದೆ. ಅಂಥ ಶೀತದಲ್ಲಿ ಗಾಳಿಯು ನೀರಿನಂಶವನ್ನು ಹಿಡಿದಿಟ್ಟುಕೊಳ್ಳಲಾರದು. ಆ ಒಣಗಾಳಿಯನ್ನೇ ಮನೆಯೊಳಗೆ ಕಾಯಿಸಿದಾಗ ಅದು ಮರುಭೂಮಿಯ ಗಾಳಿಗಿಂತಲೂ ಒಣಗಿರುತ್ತದೆ. ಮೂಗಿನ ಒಳಪದರ ಬಿರಿದು ರಕ್ತ ಒಸರುತ್ತದೆ, ತುಟಿ ಮತ್ತು ಹಿಮ್ಮಡಿಗಳು ಒಡೆಯುತ್ತವೆ, ಚರ್ಮ ತುರಿಸುತ್ತದೆ. ನಮ್ಮ ಗ್ರಂಥಗಳ ಹೇಮಂತವು ಮಳೆ ಮುಗಿದು ನೆಲ ಇನ್ನೂ ಹಸಿಯಾಗಿರುವಾಗ ಬರುವ ಸ್ನಿಗ್ಧವಾದ ಶೀತ. ಇದು ರೂಕ್ಷವಾದ ಶೀತ. ಎರಡಕ್ಕೂ ಚಳಿಯೆಂಬ ಒಂದೇ ಹೆಸರಿದ್ದರೂ ಅವು ಒಂದೇ ಅಲ್ಲ. ನಾವು ಆ ಹುಡುಗನಿಗೆ ಬರೆದುಕೊಡುವಾಗ ಮರೆತದ್ದು ಇದನ್ನೇ.

ಮತ್ತೊಂದು ವಿಚಿತ್ರವಿದೆ. ವರ್ಷಕ್ಕೆ ಅಲ್ಲಿ ಬೀಳುವ ಮಳೆ ಹಿಮಗಳ ನೀರೆಲ್ಲ ಸೇರಿ ಸುಮಾರು 180 ಮಿಲಿಮೀಟರ್. ನಮ್ಮ ಚಳ್ಳಕೆರೆಯಂಥ ಬರಸೀಮೆಯಲ್ಲಿ ಬೀಳುವ ಮಳೆಯ ಅರ್ಧದಷ್ಟೂ ಅಲ್ಲ. ಈ ಲೆಕ್ಕದಲ್ಲಿ ಅದು ಜಾಂಗಲದೇಶ. ಆದರೆ ಬೇಸಿಗೆಯಲ್ಲಿ ಊರಿನ ಸುತ್ತ ಕಾಲಿಟ್ಟಲ್ಲೆಲ್ಲ ಕೆಸರು, ಜೌಗು, ಸೊಳ್ಳೆಗಳ ಮೋಡ. ನೆಲದಡಿಯ ಮಣ್ಣು ಸಾವಿರಾರು ವರ್ಷಗಳಿಂದ ಹೆಪ್ಪುಗಟ್ಟಿ ಕಲ್ಲಾಗಿರುವುದರಿಂದ ಮೇಲೆ ಕರಗಿದ ಅಲ್ಪ ನೀರು ಕೆಳಗಿಳಿಯಲಾರದೆ ನಿಂತುಬಿಡುತ್ತದೆ. ಈ ಲೆಕ್ಕದಲ್ಲಿ ಅದು ಅನೂಪದೇಶ. ನಮ್ಮ ದೇಶವಿಭಾಗದ ಎರಡು ತುದಿಗಳೂ ಒಂದೇ ಊರಿನಲ್ಲಿ ಸೇರಿಕೊಂಡಿವೆ! ಇದರಿಂದ ನಮ್ಮ ಪೂರ್ವಾಚಾರ್ಯರಿಗೆ ಅಪಮಾನವೇನೂ ಇಲ್ಲ. ಗಂಗೆಯ ದಕ್ಷಿಣಕ್ಕೆ ಮಳೆ ಹೆಚ್ಚಾದುದರಿಂದ ಅಲ್ಲಿ ಪ್ರಾವೃಟ್ ಎಂಬ ಇನ್ನೊಂದು ಮಳೆಯ ಋತುವನ್ನೂ, ಉತ್ತರಕ್ಕೆ ಚಳಿ ಹೆಚ್ಚಾದುದರಿಂದ ಅಲ್ಲಿ ಶಿಶಿರವನ್ನೂ ಎಣಿಸಬೇಕೆಂಬ ಮಾತು ವ್ಯಾಖ್ಯಾನಕಾರರಲ್ಲಿ ಬರುತ್ತದೆ. ಒಂದು ನದಿಯ ಎರಡು ದಡಗಳಿಗೇ ಋತುಗಳ ಪಟ್ಟಿಯನ್ನು ಬದಲಿಸಿದ ಹಿರಿಯರು, ಯಾನಾ ನದಿಯ ದಡದಲ್ಲಿ ಹುಟ್ಟಿದ್ದರೆ ಬೇರೆಯೇ ಪಟ್ಟಿಯನ್ನು ಬರೆಯುತ್ತಿದ್ದರು.

ಹಾಗಿದ್ದರೂ ಕೆಲವು ವಿಷಯಗಳಲ್ಲಿ ಅಲ್ಲಿಯ ಜನರ ಅನುಭವವೂ ಇಲ್ಲಿಯ ಗ್ರಂಥಗಳೂ ಒಂದನ್ನೊಂದು ನೋಡದೆಯೇ ಒಪ್ಪುತ್ತವೆ. ಹೊರಗಿನ ಶೀತದಿಂದ ಒಳಗೆ ತಡೆಹಿಡಿಯಲ್ಪಟ್ಟ ಅಗ್ನಿಯು ಪ್ರಬಲವಾಗುತ್ತದೆ, ಅದಕ್ಕೆ ತಕ್ಕ ಇಂಧನ ಸಿಗದಿದ್ದರೆ ಅದು ಶರೀರದ ರಸವನ್ನೇ ಸುಡುತ್ತದೆ ಎಂಬುದು ಚರಕ ಸಂಹಿತೆಯ ಅಭಿಪ್ರಾಯ. ಸಖಾ ಜನರ ಶರೀರವು ವಿಶ್ರಾಂತಿಯಲ್ಲಿರುವಾಗಲೂ ಸುಡುವ ಶಕ್ತಿಯ ಪ್ರಮಾಣ, ಅವರ ಎತ್ತರ ತೂಕಗಳಿಂದ ನಿರೀಕ್ಷಿಸುವುದಕ್ಕಿಂತ ಹೆಚ್ಚೆಂದು ಆಧುನಿಕ ಸಂಶೋಧಕರು ಅಳೆದು ತೋರಿಸಿದ್ದಾರೆ. ಎರಡೂ ಒಂದೇ ಎಂದು ಸಾರಿಬಿಡುವ ಆತುರ ನಮಗಿಲ್ಲ. ಅಳತೆಯ ದಾರಿ ಬೇರೆ, ಅನುಮಾನದ ದಾರಿ ಬೇರೆ. ಆದರೆ ಎರಡೂ ಒಂದೇ ದಿಕ್ಕನ್ನು ತೋರಿಸುತ್ತವೆ. ಹೇಮಂತದಲ್ಲಿ ನೆಲಮನೆಯಲ್ಲಿ ಅಥವಾ ಒಳಗೂಡಿನ ಬೆಚ್ಚನೆಯ ಕೋಣೆಯಲ್ಲಿ ವಾಸಿಸಬೇಕೆಂದು ನಮ್ಮ ಗ್ರಂಥ ಹೇಳಿದರೆ, ಸಖಾ ಜನರ ಹಳೆಯ ಚಳಿಗಾಲದ ಮನೆಯು ದಿಮ್ಮಿಗಳನ್ನು ಓರೆಯಾಗಿ ನಿಲ್ಲಿಸಿ, ಹೊರಗೆ ಮಣ್ಣು ಮತ್ತು ಹಸುವಿನ ಸಗಣಿಯನ್ನು ದಪ್ಪವಾಗಿ ಮೆತ್ತಿದ್ದು. ಪಕ್ಕದಲ್ಲಿಯೇ ದನಗಳ ಕೊಟ್ಟಿಗೆ. ಕಿಟಕಿಗೆ ಗಾಜಿನ ಬದಲು ಮಂಜುಗಡ್ಡೆಯ ಹಲಗೆ. ಸಗಣಿ ಸಾರಿಸಿದ ಮನೆಯಲ್ಲಿ ಬೆಳೆದ ನಮಗೆ ಇದನ್ನು ಓದುವಾಗ ಆ ಊರು ಹಠಾತ್ತನೆ ಹತ್ತಿರವಾಯಿತು.

ಅವರ ಆಹಾರ ಮಾಂಸ, ಮೀನು ಮತ್ತು ಹಾಲಿನದು. ಬೆಳೆ ಬೆಳೆಯದ ನೆಲದಲ್ಲಿ ಬೇರೆ ದಾರಿಯಿಲ್ಲ. ನಮ್ಮ ಓದುಗರಲ್ಲಿ ಕೆಲವರಿಗೆ ಇದು ಅಪ್ರಿಯವಾಗಬಹುದು. ಆದರೆ ದೇಶಸಾತ್ಮ್ಯವನ್ನು ಬಲ್ಲವರು ಹೀಗಳೆಯಲಾರರು. ಕುದುರೆಯ ಹಾಲನ್ನು ಹುಳಿಬರಿಸಿದ ಕುಮಿಸ್ ಅವರಿಗೆ ಬೇಸಿಗೆಯ ಪಾನೀಯವೂ ಹೌದು, ನೈವೇದ್ಯವೂ ಹೌದು.

ಚಳಿಗಾಲದಿಂದ ಹೊರಬರುವ ದಾರಿಯೂ ಕಡಿದಾದುದು. ಮಾರ್ಚ್ ತಿಂಗಳ ಸರಾಸರಿ ಮೈನಸ್ 28ರಷ್ಟಿದ್ದರೂ ಹಗಲು ಬೆಳೆಯುತ್ತದೆ. ಹಿಮದ ಮೇಲೆ ಬಿದ್ದು ಪುಟಿಯುವ ಬಿಸಿಲು ಕಣ್ಣನ್ನು ಸುಟ್ಟು ತಾತ್ಕಾಲಿಕ ಕುರುಡನ್ನೇ ತರಬಲ್ಲದು. ಇದಕ್ಕಾಗಿಯೇ ಉತ್ತರದ ಜನರು ಮರ ಅಥವಾ ಮೂಳೆಯಲ್ಲಿ ಸಣ್ಣ ಸೀಳು ಕೊರೆದ ಕಣ್ಗಾಪನ್ನು ಗಾಜಿನ ಕನ್ನಡಕಕ್ಕಿಂತ ಎಷ್ಟೋ ಮೊದಲೇ ಕಂಡುಕೊಂಡಿದ್ದರು. ಮೇ ತಿಂಗಳ ಕೊನೆಗೆ ನದಿಯ ಮಂಜು ಗುಡುಗಿನ ಸದ್ದಿನೊಡನೆ ಒಡೆಯುತ್ತದೆ. ಆ ಹೊತ್ತಿನಿಂದ ಜುಲೈ ನಡುವಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಉತ್ತರಾಯಣದ ಸೂರ್ಯನು ಪ್ರಾಣಿಗಳ ಬಲವನ್ನು ಹೀರುತ್ತಾನೆಂದು ನಾವು ಆದಾನಕಾಲವನ್ನು ವರ್ಣಿಸುತ್ತೇವೆ. ಅಲ್ಲಿಯವರಿಗೆ ಅವನೇ ಬಲವನ್ನು ಕೊಡುವವನು. ಜೂನ್ ತಿಂಗಳಲ್ಲಿ ಇಸಿಯಾಖ್ ಎಂಬ ಹಬ್ಬದಂದು ಅವರು ಮೂಡುವ ಸೂರ್ಯನಿಗೆ ಅಂಗೈಗಳನ್ನೆತ್ತಿ ನಿಲ್ಲುತ್ತಾರೆ, ಬೆಂಕಿಗೂ ನೆಲಕ್ಕೂ ಕುಮಿಸ್ ಅರ್ಪಿಸುತ್ತಾರೆ, ಕೈಕೈ ಹಿಡಿದು ಸುತ್ತುಗಟ್ಟಿ ಕುಣಿಯುತ್ತಾರೆ. ನಿದ್ರೆ ಮಾತ್ರ ಕೆಡುತ್ತದೆ. ಕಿಟಕಿಗೆ ದಪ್ಪ ಪರದೆ ಎಳೆದುಕೊಂಡು ರಾತ್ರಿಯನ್ನು ಕೈಯಿಂದಲೇ ಮಾಡಿಕೊಳ್ಳಬೇಕು.

ಜುಲೈ ಮಧ್ಯಾಹ್ನಗಳಲ್ಲಿ ಮೂವತ್ತು ಡಿಗ್ರಿ ದಾಟುವುದು ಆ ಊರಿಗೆ ಹೊಸದಲ್ಲ. ಆದರೆ 2020ರ ಜೂನ್ 20ರಂದು ಅಲ್ಲಿ 38 ಡಿಗ್ರಿ ದಾಖಲಾಯಿತು. ಧ್ರುವವೃತ್ತದ ಉತ್ತರಕ್ಕೆ ಈವರೆಗೆ ಅಳೆದುದರಲ್ಲಿ ಇದೇ ಅತ್ಯಧಿಕವೆಂದು 2021ರ ಡಿಸೆಂಬರಿನಲ್ಲಿ ವಿಶ್ವ ಹವಾಮಾನ ಸಂಸ್ಥೆ ದೃಢಪಡಿಸಿತು. ಕಲಬುರಗಿಯ ಮೇ ತಿಂಗಳಿನವರು ಮೂವತ್ತೆಂಟೇ ತಾನೇ ಎನ್ನಬಹುದು. ಆದರೆ ಮೈನಸ್ ಅರವತ್ತಕ್ಕೆಂದು ಕಟ್ಟಿದ ಮನೆಯಲ್ಲಿ, ಮೈನಸ್ ಅರವತ್ತಕ್ಕೆ ಪಳಗಿದ ಶರೀರದಲ್ಲಿ ಆ ಬಿಸಿಯನ್ನು ಊಹಿಸಿಕೊಳ್ಳಬೇಕು. ಆ ವರ್ಷದ ಮೊದಲ ಆರು ತಿಂಗಳು ಸೈಬೀರಿಯವನ್ನು ಹಿಡಿದ ಬಿಸಿಯು, ಮನುಷ್ಯರು ಭೂಮಿಯನ್ನು ಕಾಯಿಸದಿದ್ದಲ್ಲಿ ಬಹುಮಟ್ಟಿಗೆ ಅಸಂಭವವಾಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಕಾಡು ಹೊತ್ತಿ ಉರಿದು ಹೊಗೆ ವ್ಯಾಪಿಸಿತು. ಹೆಪ್ಪುಗಟ್ಟಿದ ನೆಲ ಕರಗಿದರೆ ಅದರ ಮೇಲೆ ಕಂಬಗಳನ್ನೂರಿ ಕಟ್ಟಿದ ಮನೆಗಳು ವಾಲುತ್ತವೆ. ಹತ್ತಿರದ ಬತಗಾಯ್ ಎಂಬಲ್ಲಿ 1960ರ ದಶಕದಲ್ಲಿ ಕಾಡು ಕಡಿದ ಇಳಿಜಾರು ಕರಗಿ ಕುಸಿಯುತ್ತ ಕುಸಿಯುತ್ತ ಇಂದು ಕಿಲೋಮೀಟರಿನಷ್ಟು ಉದ್ದದ ಕಂದರವಾಗಿದೆ, ಇನ್ನೂ ಬೆಳೆಯುತ್ತಿದೆ.

ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸ ಎಂಬ ಅಧ್ಯಾಯವಿದೆ. ಬೇರೆ ಬೇರೆ ಪ್ರಕೃತಿಯ ಜನರೆಲ್ಲ ಏಕಕಾಲಕ್ಕೆ ರೋಗಕ್ಕೆ ತುತ್ತಾಗುವುದು ಹೇಗೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ: ವಾಯು, ಜಲ, ದೇಶ, ಕಾಲ ಈ ನಾಲ್ಕೂ ಎಲ್ಲರಿಗೂ ಸಮಾನವಾದವು, ಅವು ಕೆಟ್ಟರೆ ಯಾರೂ ಉಳಿಯರು. ಒಂದಕ್ಕಿಂತ ಮುಂದಿನದು ತಪ್ಪಿಸಿಕೊಳ್ಳಲು ಹೆಚ್ಚು ಕಷ್ಟ. ಗಾಳಿ ಕೆಟ್ಟರೆ ಮರೆಗೆ ಸರಿಯಬಹುದು, ನೀರು ಕೆಟ್ಟರೆ ಬೇರೆ ನೀರು ತರಬಹುದು, ನೆಲ ಕೆಟ್ಟರೆ ಊರು ಬಿಡಬಹುದು. ಕಾಲವೇ ಕೆಟ್ಟರೆ? ಋತುವಿನ ಲಕ್ಷಣಗಳು ವಿಪರೀತವಾಗುವುದು, ಮಿತಿಮೀರುವುದು, ಕುಂದುವುದು ಇವೇ ಕಾಲ ಕೆಟ್ಟುದರ ಗುರುತುಗಳು. ಈ ಅಧ್ಯಾಯವನ್ನು ನಾವು ವಿದ್ಯಾರ್ಥಿಗಳಾಗಿದ್ದಾಗ ಪರೀಕ್ಷೆಗಾಗಿ ಓದಿ ಮರೆತಿದ್ದೆವು. ವೆರ್ಖೋಯಾನ್ಸ್ಕ್‌ನ ಜನರು ಮೈನಸ್ ಅರವತ್ತೇಳರಲ್ಲಿ ಬದುಕಿದರು, ಏಕೆಂದರೆ ಅದು ಬರುವ ತಿಂಗಳು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ ತಿಂಗಳಿನಲ್ಲಿ ಬರುವ ಬಿಸಿಗೆ ಅವರ ಬಳಿ ಅಜ್ಜಂದಿರ ಔಷಧವಿಲ್ಲ.

ಇಂದು ನಮ್ಮ ಭಕ್ತವೃಂದದ ಎಷ್ಟೋ ಮನೆಗಳ ಮಕ್ಕಳು ಕೆನಡಾ, ರಷ್ಯಾ, ಉತ್ತರ ಯೂರೋಪುಗಳಲ್ಲಿದ್ದಾರೆ. ಅವರಿಗಾಗಿ ನಾವು ಹಳೆಯ ಕಾಗದವನ್ನು ಹರಿದು ಹೊಸದನ್ನು ಬರೆದಿದ್ದೇವೆ. ಅಭ್ಯಂಗವನ್ನು ಬಿಡಬೇಕಾಗಿಲ್ಲ, ಒಣಶೀತದಲ್ಲಿ ಅದು ಇನ್ನೂ ಹೆಚ್ಚು ಬೇಕು. ಆದರೆ ಅದು ರಾತ್ರಿ ಮಲಗುವ ಮುನ್ನ, ಹೊರಗೆ ಹೋಗುವ ಕೆಲಸವೆಲ್ಲ ಮುಗಿದ ಬಳಿಕ. ತಲೆಸ್ನಾನ ಮಾಡಿದ ದಿನ ಕೂದಲು ಬುಡದವರೆಗೆ ಒಣಗದೆ ಹೊಸ್ತಿಲು ದಾಟಕೂಡದು. ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿಗಳು ಲೇಸು. ಮೈಗೆ ತಾಗುವ ಅಂಗಿ ಹತ್ತಿಯದಾಗಿರದೆ ಉಣ್ಣೆಯದಾಗಿರಲಿ, ಏಕೆಂದರೆ ಬೆವರಿಗೆ ನೆನೆದ ಹತ್ತಿ ಚಳಿಯನ್ನು ಮೈಗೆ ಅಂಟಿಸುತ್ತದೆ. ಕೋಣೆಯಲ್ಲಿ ಒಂದು ಪಾತ್ರೆ ನೀರು ತೆರೆದಿಡಬೇಕು. ಮೂಗಿನ ಒಳಗೆ ಬೆರಳ ತುದಿಯಿಂದ ತುಪ್ಪದ ತೆಳುವಾದ ಲೇಪ ಸಾಕು.

ಕಿವಿ, ಮೂಗು, ಬೆರಳು ಬಿಳಿಚಿ ಮರಗಟ್ಟಿದರೆ ಉಜ್ಜಬಾರದು, ಹಿಮವನ್ನಂತೂ ತಾಗಿಸಲೇಬಾರದು, ಬೆಂಕಿಗೂ ಹಿಡಿಯಬಾರದು; ಸ್ಪರ್ಶವಿಲ್ಲದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಒಳಗೆ ಬಂದು, ಮೊಣಕೈಗೆ ಹಿತವೆನಿಸುವಷ್ಟು ಮಾತ್ರ ಬೆಚ್ಚಗಿರುವ ನೀರಿನಿಂದ ಕಾಯಿಸಬೇಕು, ಬೊಕ್ಕೆಯೆದ್ದರೆ ಅಲ್ಲಿಯ ವೈದ್ಯರಲ್ಲಿಗೆ ಹೋಗಬೇಕು. ಮದ್ಯ ಮೈಯನ್ನು ಬೆಚ್ಚಗಾಗಿಸುತ್ತದೆಂಬುದು ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ.

ಊಟದ ವಿಷಯದಲ್ಲಿ ತಾಯಂದಿರಿಗೆ ಆತಂಕ ಬೇಡ. ರಷ್ಯಾದ ಅಂಗಡಿಗಳಲ್ಲಿ ನಮ್ಮ ಬರಗು ಸುಲಭವಾಗಿ ಸಿಗುತ್ತದೆ, ಅಲ್ಲಿಯವರೂ ಅದರ ಗಂಜಿ ಉಣ್ಣುತ್ತಾರೆ. ಹಾಲು, ಕೆನೆ, ಬೆಣ್ಣೆ, ಗಿಣ್ಣು ಯಥೇಚ್ಛ. ಜೊತೆಗೆ ಎಳ್ಳು, ಶೇಂಗಾ, ಬೆಲ್ಲವನ್ನು ಇಲ್ಲಿಂದ ಕಳುಹಿಸಿದರೆ ಸಾಕು. ಚಳಿಗಾಲದಲ್ಲಿ ಉಪವಾಸ ಮಾತ್ರ ಬೇಡ. ವಿಟಮಿನ್ ಡಿ ಮಾತ್ರ ಆ ಬೆಳಕಿನಲ್ಲಿ ಚರ್ಮಕ್ಕೆ ದೊರೆಯದು, ಆದುದರಿಂದ ರಕ್ತಪರೀಕ್ಷೆ ಮಾಡಿಸಿ ಅಲ್ಲಿಯ ವೈದ್ಯರು ಹೇಳಿದಷ್ಟು ಮಾತ್ರೆಯನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಬೇಕು. ನಾವು ಆಯುರ್ವೇದದವರೆಂದು ಇದನ್ನು ಬೇಡವೆನ್ನುವುದು ಮೂರ್ಖತನ. ಇನ್ನು, ಕತ್ತಲೆಯ ತಿಂಗಳುಗಳಲ್ಲಿ ಮಗ ಅಥವಾ ಮಗಳು ಹೆಚ್ಚು ನಿದ್ರಿಸುತ್ತಿದ್ದರೆ, ಮಾತು ಕಡಿಮೆಯಾಗಿದ್ದರೆ, ಫೋನಿನಲ್ಲಿ ಗದರಿಸಬೇಡಿ. ಅದು ಸೋಮಾರಿತನವಲ್ಲ, ಬೆಳಕಿನ ಹಸಿವು. ಪ್ರತಿದಿನ ಒಂದೇ ಹೊತ್ತಿಗೆ ಏಳುವುದು, ನಡುಹಗಲಿನ ಅಲ್ಪ ಬೆಳಕಿನಲ್ಲಿ ಚೆನ್ನಾಗಿ ಹೊದ್ದು ಅರ್ಧ ಗಂಟೆ ನಡೆಯುವುದು, ಒಬ್ಬರೊಡನೆ ಕುಳಿತು ಉಣ್ಣುವುದು ಇವು ಅದಕ್ಕೆ ಆಹಾರ. ಅಷ್ಟಕ್ಕೂ ಮನಸ್ಸು ಎದ್ದೇಳದಿದ್ದರೆ ತಡಮಾಡದೆ ವೈದ್ಯರನ್ನು ಕಾಣುವಂತೆ ಹೇಳಿ.

ಪರದೇಶಕ್ಕೆ ಹೊರಟವರು ಈಗ ನಮ್ಮಲ್ಲಿಗೆ ಬಂದರೆ ನಾವು ನಾಡಿ ನೋಡುವ ಮೊದಲು, ಅಲ್ಲಿ ಜನವರಿಯಲ್ಲಿ ಸೂರ್ಯ ಎಷ್ಟು ಗಂಟೆಗೆ ಹುಟ್ಟುತ್ತಾನೆಂದು ವಿಚಾರಿಸುತ್ತೇವೆ. ಗೊತ್ತಿಲ್ಲವೆಂದರೆ ತಿಳಿದುಕೊಂಡು ಬರಲು ಹೇಳುತ್ತೇವೆ.

ಆ ಹುಡುಗ ಓದು ಮುಗಿಸಿ ಹಿಂದಿರುಗಿದ್ದಾನೆ. ಕಳೆದ ಶ್ರಾವಣದಲ್ಲಿ ತಾಯಿಯೊಡನೆ ಬಂದು ನಮ್ಮನ್ನು ಕಂಡನು. ಕಿವಿಯ ಅಂಚಿನಲ್ಲಿ ಹುಣಸೆಬೀಜದಷ್ಟು ಜಾಗ ಇನ್ನೂ ಬಿಳುಪಾಗಿದೆ. ನಮ್ಮ ಊರಿನ ಡಿಸೆಂಬರ್ ಬೆಳಗಿನ ತಣ್ಣನೆಯ ಗಾಳಿಗೂ ಮನೆಯಲ್ಲಿ ಎಲ್ಲರಿಗಿಂತ ಮೊದಲು ಆ ಜಾಗವೇ ನೋಯುತ್ತದಂತೆ. ತಾಯಿ ಅದಕ್ಕೆ ಹಚ್ಚಲು ಎಣ್ಣೆ ಕೇಳಿದರು. ಕೊಟ್ಟೆವು, ಯಾವ ಹೊತ್ತಿನಲ್ಲಿ ಹಚ್ಚಬೇಕೆಂಬುದನ್ನೂ ಬರೆದುಕೊಟ್ಟೆವು.